ನಸೂಹ್ ಸುಟ್ಟ ಪುಸ್ತಕಗಳು ಮತ್ತು ಅಂಗೈಯ ಪರದೆ

ಉರ್ದುವಿನ ಹಳೆಯ ಕಾದಂಬರಿಯೊಂದರಲ್ಲಿ ತಂದೆಯೊಬ್ಬ ತನ್ನ ಹಿರಿಯ ಮಗನ ಪುಸ್ತಕಗಳನ್ನು ಹೊರಗೆ ತೆಗೆಸಿ ಬೆಂಕಿ ಹಚ್ಚುತ್ತಾನೆ. ಡೆಪ್ಯುಟಿ ನಝೀರ್ ಅಹ್ಮದ್ ಬರೆದ 'ತೌಬತುನ್ನಸೂಹ್' ಎಂಬ ಈ ಕೃತಿ ಪ್ರಕಟವಾದದ್ದು 1874ರಲ್ಲಿ. ದಿಲ್ಲಿಯಲ್ಲಿ ಕಾಲರಾ ಹರಡಿರುತ್ತದೆ. ನಸೂಹ್ ಎಂಬ ಗೃಹಸ್ಥ ರೋಗಕ್ಕೆ ತುತ್ತಾಗಿ, ಜ್ವರದ ಮಂಪರಿನಲ್ಲಿ ಪರಲೋಕದ ನ್ಯಾಯಾಲಯದ ಕನಸು ಕಾಣುತ್ತಾನೆ. ಚೇತರಿಸಿಕೊಂಡು ಎದ್ದವನೇ ಮನೆಯವರನ್ನೆಲ್ಲ ತಿದ್ದಲು ಹೊರಡುತ್ತಾನೆ. ಹಿರಿಯ ಮಗ ಕಲೀಮ್ ಕವಿ, ಶೋಕಿಗಾರ, ಮಾತಿನ ಮಲ್ಲ. ಅವನು ಬಗ್ಗುವುದಿಲ್ಲ. ಮನೆ ಬಿಟ್ಟು ಹೋಗುತ್ತಾನೆ. ತಂದೆ ಅವನ ಕೋಣೆ ಹೊಕ್ಕು ನೋಡಿದರೆ ಅಂದವಾಗಿ ರಟ್ಟು ಹಾಕಿಸಿದ ಫಾರಸಿ, ಉರ್ದು ಪುಸ್ತಕಗಳು. ಮಗನನ್ನು ಕೆಡಿಸಿದ್ದು ಇವೇ ಎಂದು ತೀರ್ಮಾನಿಸಿ ಸುಡುತ್ತಾನೆ. ಕಿರಿಯ ಮಗನೂ ತನ್ನಲ್ಲಿದ್ದುದನ್ನು ತಂದು ಅದೇ ಬೆಂಕಿಗೆ ಹಾಕುತ್ತಾನೆ. ಹಿಂದೆ ತನ್ನ ಹೆಂಡತಿಗೆ ಶೇಖ್ ಸಾದಿಯ 'ಗುಲಿಸ್ತಾನ್' ಪಾಠ ಹೇಳುವಾಗಲೂ ಈ ನಸೂಹ್ ಕೆಲವು ಸಾಲುಗಳ ಮೇಲೆ ಮಸಿ ಬಳಿದಿದ್ದನಂತೆ.

ಉರ್ದು ಶಾಲೆಯ ಮೇಷ್ಟ್ರು ನಮಗೆ ಈ ಕಥೆಯನ್ನು ಹೇಳಿದ್ದು ನೀತಿಪಾಠವೆಂದು. ತಂದೆಯ ಮಾತು ಮೀರಿದ ಕಲೀಮ್ ಕೊನೆಗೆ ಗಾಯಗೊಂಡು ಮನೆಗೆ ಮರಳಿ ಪಶ್ಚಾತ್ತಾಪಪಟ್ಟು ಸಾಯುತ್ತಾನೆ. ಆದರೆ ತರಗತಿಯಲ್ಲಿ ಕುಳಿತಿದ್ದ ನಮಗೆಲ್ಲ ಒಳಗೊಳಗೇ ಇಷ್ಟವಾದವನು ಕಲೀಮನೇ. ಆ ಪುಸ್ತಕಗಳಲ್ಲಿ ಅಂಥದ್ದೇನಿತ್ತು ಎಂದು ತಿಳಿಯುವ ಆಸೆ ನಮ್ಮಲ್ಲಿ ಹುಟ್ಟಿದ್ದೂ ಆ ಪಾಠದಿಂದಲೇ.

ಇಂದು ಯುವಕರ ಕೈಯಲ್ಲಿರುವ ಮೊಬೈಲಿನ ಬಗ್ಗೆ ನಮ್ಮ ಸಭೆಗಳಲ್ಲಿ, ಮಸೀದಿಯ ಜಗಲಿಯಲ್ಲಿ, ಮದುವೆ ಮನೆಗಳ ಊಟದ ಪಂಕ್ತಿಯಲ್ಲಿ ಕೇಳಿಬರುವ ಮಾತುಗಳನ್ನು ಕೇಳಿದಾಗಲೆಲ್ಲ ನಮಗೆ ನಸೂಹ್ ನೆನಪಾಗುತ್ತಾನೆ. ಹುಡುಗರನ್ನು ಹಾಳು ಮಾಡುತ್ತಿರುವುದು ಈ ಡಬ್ಬಿ ಎನ್ನುತ್ತಾರೆ. ಇರಬಹುದು. ಆದರೆ ಈ ಡಬ್ಬಿಗೆ ನೂರೈವತ್ತು ವರ್ಷಗಳ ಪೂರ್ವಜರಿದ್ದಾರೆ. ಒಂದೊಂದರ ಬಗ್ಗೆಯೂ ಇದೇ ಮಾತು ನಡೆದಿದೆ. ಆ ಚರಿತ್ರೆಯನ್ನು ಒಮ್ಮೆ ತಿರುವಿ ಹಾಕಿದರೆ, ನಾವು ಯಾವುದಕ್ಕೆ ಸುಮ್ಮನೆ ಹೆದರಿದೆವು, ಯಾವುದಕ್ಕೆ ಹೆದರಬೇಕಿತ್ತೋ ಅದನ್ನು ಹೇಗೆ ಗಮನಿಸಲೇ ಇಲ್ಲ ಎಂಬುದು ಸ್ವಲ್ಪ ಕಾಣಬಹುದು.

ನಝೀರ್ ಅಹ್ಮದರ ಕಾಲದ ಹೊಸ ಮಾಧ್ಯಮ ಅಚ್ಚಿನ ಪುಸ್ತಕ. 1858ರಲ್ಲಿ ಲಖನೌದಲ್ಲಿ ನವಲ್ ಕಿಶೋರ್ ಮುದ್ರಣಾಲಯ ಆರಂಭವಾಯಿತು. ಕಲ್ಲಚ್ಚಿನ ವಿಧಾನದಿಂದ ಉರ್ದುವಿನ ಬಾಗು ಬಳುಕಿನ ಬರಹವನ್ನು ಇದ್ದ ಹಾಗೆಯೇ ಅಗ್ಗವಾಗಿ ಅಚ್ಚು ಹಾಕುವುದು ಸಾಧ್ಯವಾಗಿತ್ತು. ಅದುವರೆಗೆ ಶ್ರೀಮಂತರ ಮನೆಯ ಹಸ್ತಪ್ರತಿಯಾಗಿದ್ದ ದಾಸ್ತಾನುಗಳು ಸಾಮಾನ್ಯನ ಕೈಗೆ ಬಂದವು. ಹುಡುಗನೊಬ್ಬ ಬಾಗಿಲು ಹಾಕಿಕೊಂಡು ಒಬ್ಬನೇ ಕುಳಿತು, ಯಾರಿಗೂ ಕೇಳಿಸದಂತೆ ಓದಬಹುದು ಎಂಬುದೇ ಹಿರಿಯರಿಗೆ ದಿಗಿಲು ಹುಟ್ಟಿಸಿದ ಸಂಗತಿ. ದಾಸ್ತಾನು ಹೇಳುವವನ ಸುತ್ತ ಹತ್ತು ಜನ ಕುಳಿತಾಗ ಇಲ್ಲದ ಭಯ ಇದು.

ಮೌಲಾನಾ ಅಶ್ರಫ್ ಅಲಿ ಥಾನವಿಯವರ 'ಬೆಹಿಶ್ತೀ ಝೇವರ್' ನಮ್ಮ ಅನೇಕ ಮನೆಗಳಲ್ಲಿ ಮದುಮಗಳ ಪೆಟ್ಟಿಗೆಯಲ್ಲಿ ಹೋಗುತ್ತಿದ್ದ ಗ್ರಂಥ. ಓದಬಾರದ ಪುಸ್ತಕಗಳ ಪಟ್ಟಿಯೊಂದು ಅದರಲ್ಲಿದೆ. 'ಅಲಿಫ್ ಲೈಲಾ', 'ಗುಲ್-ಎ-ಬಕಾವಲಿ', 'ಇಂದರ್ ಸಭಾ' ಎಲ್ಲವೂ ಅದರಲ್ಲಿ ಸೇರಿವೆ. ಸ್ವಾರಸ್ಯವೇನೆಂದರೆ, ಹೆಣ್ಣುಮಕ್ಕಳ ಸುಧಾರಣೆಗೆಂದೇ ನಝೀರ್ ಅಹ್ಮದ್ 1869ರಲ್ಲಿ ಹೊರತಂದ, ಸರ್ಕಾರದಿಂದ ಸಾವಿರ ರೂಪಾಯಿ ಬಹುಮಾನ ಪಡೆದ 'ಮಿರ್‌ಆತುಲ್ ಉರೂಸ್' ಕೂಡ ಎಚ್ಚರಿಕೆಯಿಂದಿರಬೇಕಾದ ಪುಸ್ತಕಗಳ ಸಾಲಿನಲ್ಲಿದೆ. ಮುಂದೆ ನಝೀರ್ ಅಹ್ಮದರ ಮುಪ್ಪಿನ ಕೃತಿ 'ಉಮ್ಮಹಾತುಲ್ ಉಮ್ಮ'ದ ಪ್ರತಿಗಳನ್ನು, ಅದರ ಭಾಷೆ ಅಗೌರವದ್ದೆಂದು, ದಿಲ್ಲಿಯಲ್ಲಿ ಬಹಿರಂಗವಾಗಿ ಸುಡಲಾಯಿತು. ನಸೂಹನ ಕೈಗೆ ಕಡ್ಡಿ ಕೊಟ್ಟವರ ಪುಸ್ತಕಕ್ಕೂ ಕಡ್ಡಿ ಬಿತ್ತು.

ನಮ್ಮ ತಂದೆಯವರ ಕಾಲದ ಡಬ್ಬಿ ರೇಡಿಯೋ. 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡುಗಳೆಂದರೆ ಆಗದು. ಯುವಜನರ ಅಭಿರುಚಿ ಕೆಡುತ್ತದೆಂದು ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಹೆಚ್ಚುಕಡಿಮೆ ಮಾಯವಾದವು. ಯುವಜನರು ಶಾಸ್ತ್ರೀಯ ಸಂಗೀತಕ್ಕೆ ತಿರುಗಿದರೇ? ಇಲ್ಲ, ರೇಡಿಯೋದ ಮುಳ್ಳನ್ನು ಸಿಲೋನಿಗೆ ತಿರುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿಯವರ 'ಬಿನಾಕಾ ಗೀತ್‌ಮಾಲಾ' ಆರಂಭವಾಯಿತು. ಮೊದಲ ಕಾರ್ಯಕ್ರಮಕ್ಕೇ 9,000 ಪತ್ರಗಳು ಬಂದವೆಂದು ಸಯಾನಿಯವರೇ ಹೇಳಿಕೊಂಡಿದ್ದರು. ಆಕಾಶವಾಣಿ ಸೋಲೊಪ್ಪಿ 'ವಿವಿಧ ಭಾರತಿ'ಯನ್ನು ತೆರೆಯಲು 1957ರ ಅಕ್ಟೋಬರ್ ಬರಬೇಕಾಯಿತು.

ನಮ್ಮ ಅಬ್ಬಾರ ಟೈಲರ್ ಅಂಗಡಿಯಲ್ಲಿ ಬುಧವಾರ ರಾತ್ರಿ ಎಂಟಕ್ಕೆ ಹೊಲಿಗೆ ಯಂತ್ರ ನಿಲ್ಲುತ್ತಿತ್ತು. ಸಯಾನಿಯವರ ಭಾಷೆ ಹಿಂದಿಯೂ ಅಲ್ಲ, ಉರ್ದುವೂ ಅಲ್ಲ. ಎಲ್ಲರಿಗೂ ತಿಳಿಯುವ ಹಿಂದುಸ್ತಾನಿ. ಅದರ ಹಿಂದೆ ಒಂದು ಚರಿತ್ರೆಯಿದೆ. ಅವರ ತಾಯಿ ಕುಲ್ಸುಮ್ ಸಯಾನಿ ಗಾಂಧೀಜಿಯವರ ಪ್ರೇರಣೆಯಿಂದ, ಹೊಸದಾಗಿ ಅಕ್ಷರ ಕಲಿತವರಿಗಾಗಿ 'ರಹಬರ್' ಎಂಬ ಪತ್ರಿಕೆ ನಡೆಸುತ್ತಿದ್ದರು. ಒಂದೇ ಸರಳ ಭಾಷೆ, ಮೂರು ಲಿಪಿ: ಉರ್ದು, ನಾಗರಿ, ಗುಜರಾತಿ. ಹುಡುಗ ಅಮೀನ್ ಆ ಪತ್ರಿಕೆಯ ಕೆಲಸದಲ್ಲಿ ಕೈಜೋಡಿಸುತ್ತಲೇ ಮಾತು ಕಲಿತರು. 2024ರ ಫೆಬ್ರವರಿಯಲ್ಲಿ ಅವರು ತೀರಿಕೊಂಡ ಸುದ್ದಿ ನಮಗೆ ಬಂದದ್ದು ವಾಟ್ಸಾಪಿನಲ್ಲಿ.

ಬಾಡಿಗೆ ಪುಸ್ತಕದ ಅಂಗಡಿಗಳ ಮಾತನ್ನೂ ಹೇಳಲೇಬೇಕು. ಒಂದು ಕಡೆ ಇಬ್ನೆ ಸಫಿಯ 'ಜಾಸೂಸಿ ದುನಿಯಾ', ಇನ್ನೊಂದು ಕಡೆ ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮ'. ನಾವು ಕನ್ನಡವನ್ನು ಓಡುವ ವೇಗದಲ್ಲಿ ಓದಲು ಕಲಿತದ್ದು ಪಠ್ಯಪುಸ್ತಕದಿಂದಲ್ಲ, ಪುರುಷೋತ್ತಮನಿಂದ. ಕೊಲೆ, ದರೋಡೆಗಳ ಆ ಪುಸ್ತಕಗಳನ್ನು ಅಮ್ಮಿ ಹಿಟ್ಟಿನ ಡಬ್ಬದ ಹಿಂದೆ ಅಡಗಿಸಿಡುತ್ತಿದ್ದರು. ನಮ್ಮ ಓಣಿಯಲ್ಲಿ ಅವನ್ನು ಓದಿದ ಯಾರೂ ಕೊಲೆಗಾರರಾಗಲಿಲ್ಲ. ಇಬ್ಬರು ಕನ್ನಡ ಮೇಷ್ಟ್ರಾದರು.

ಇಷ್ಟರವರೆಗಿನ ಚರಿತ್ರೆ ನಗುತ್ತ ಹೇಳುವಂಥದ್ದು. ಎಲ್ಲವೂ ಹೀಗೆಯೇ ಎಂದುಕೊಂಡರೆ ತಪ್ಪಾಗುತ್ತದೆ.

1986ರ ಡಿಸೆಂಬರಿನಲ್ಲಿ ಬೆಂಗಳೂರಿನ ಇಂಗ್ಲಿಷ್ ದಿನಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಮಲೆಯಾಳಂ ಸಣ್ಣಕಥೆಯೊಂದರ ಅನುವಾದ ಬಂತು. ಅದರ ಶೀರ್ಷಿಕೆಯಲ್ಲಿ ಪ್ರವಾದಿಯವರ ಹೆಸರು ಅವಹೇಳನಕರವಾಗಿ ಬಂದಿದೆ ಎಂಬ ಸುದ್ದಿ ಹಬ್ಬಿ ಗಲಭೆಯಾಯಿತು. ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಬೀದಿಗಿಳಿದ ಹುಡುಗರಲ್ಲಿ ಆ ಇಂಗ್ಲಿಷ್ ಕಥೆಯನ್ನು ಓದಿದವರು ಎಷ್ಟು ಮಂದಿ ಇದ್ದಾರು? ಅವರನ್ನು ತಲುಪಿದ್ದು ಕಥೆಯಲ್ಲ, ಕಥೆಯ ಬಗೆಗಿನ ಮಾತು.

1994ರ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನ ಹತ್ತು ನಿಮಿಷಗಳ ಉರ್ದು ವಾರ್ತೆಯನ್ನು ಆರಂಭಿಸಿತು. ಕನ್ನಡಕ್ಕೆ ಅನ್ಯಾಯವಾಯಿತೆಂದು ಪ್ರತಿಭಟನೆ ಎದ್ದಿತು. ಭಾಷೆಯ ಪ್ರಶ್ನೆ ಕೆಲವೇ ದಿನಗಳಲ್ಲಿ ಕೋಮಿನ ಪ್ರಶ್ನೆಯಾಗಿ ಮಾರ್ಪಟ್ಟು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬೆಂಗಳೂರಿನಿಂದ ಎರಡು ಗಂಟೆ ದೂರದ ನಮ್ಮ ಊರಿನಲ್ಲಿ ಏನೂ ಆಗಲಿಲ್ಲ. ನಾವಾಗ ಕನ್ನಡ ಹೈಸ್ಕೂಲಿನಲ್ಲಿದ್ದೆವು. ಪಕ್ಕದ ಬೆಂಚಿನ ಗೆಳೆಯ, "ನಿಮ್ಮ ಭಾಷೆ ನ್ಯೂಸು ನಮ್ಮ ಟೀವೀಲಿ ಯಾಕೋ?" ಎಂದು ಕೇಳಿದ. ಮಾರನೆಯ ದಿನ ಎಂದಿನಂತೆ ನಮ್ಮ ಕನ್ನಡ ನೋಟ್ಸನ್ನೇ ಕಾಪಿ ಮಾಡಲು ಒಯ್ದ. ಹತ್ತು ನಿಮಿಷಗಳ ಆ ವಾರ್ತೆಯಲ್ಲಿ ಏನು ಓದಿದರೆಂಬುದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಎರಡು ಭಾಷೆಗಳಲ್ಲಿ ಓದಿ ಬೆಳೆದ ನಮಗೆ, ಒಂದು ಭಾಷೆಯಲ್ಲಿ ಮಾತಾಡಿದರೆ ಇನ್ನೊಂದಕ್ಕೆ ದ್ರೋಹವಾಗುತ್ತದೆಂದು ಮೊದಲ ಬಾರಿಗೆ ಅನ್ನಿಸಿದ್ದು ಆ ವಾರ.

ಇದೇ ಕಾಲದಲ್ಲಿ ಕ್ಯಾಸೆಟ್ಟು ಮನೆಮನೆಗೆ ಬಂದಿತ್ತು. ಕರಾವಳಿಯ ಮನೆಗಳಲ್ಲಿ ಗಲ್ಫಿನಲ್ಲಿದ್ದವರು ಪತ್ರದ ಬದಲು ತಮ್ಮ ದನಿಯನ್ನೇ ಮುದ್ರಿಸಿ ಕಳಿಸುತ್ತಿದ್ದರು. ಓದು ಬಾರದ ತಾಯಿ ಮಗನ ಮಾತನ್ನು ಯಾರ ಹಂಗೂ ಇಲ್ಲದೆ ಕೇಳಬಹುದಾಗಿತ್ತು. ಕವ್ವಾಲಿ, ಪ್ರವಚನ, ಭಜನೆ ಎಲ್ಲಕ್ಕೂ ಕ್ಯಾಸೆಟ್ಟೇ ವಾಹನ. 1990ರ ಸುಮಾರಿಗೆ ಅಯೋಧ್ಯೆಯ ಚಳವಳಿಯಲ್ಲಿ ದ್ವೇಷದ ಭಾಷಣಗಳು ಹಳ್ಳಿಹಳ್ಳಿ ತಲುಪಿದ್ದೂ ಅದರಲ್ಲೇ. ಸರ್ಕಾರದ ರೇಡಿಯೋ, ಟಿವಿಗಳನ್ನು ಬದಿಗಿಟ್ಟು, ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ನಕಲಾಗುತ್ತ ಹೋಗುವ ಮಾಧ್ಯಮ ಅದು. ಇಂದಿನ ಫಾರ್ವರ್ಡಿನ ಅಜ್ಜ ಕ್ಯಾಸೆಟ್ಟು ಎಂದರೆ ತಪ್ಪಾಗದು.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್‌ನೆಟ್ ಒದಗಿಸಿತು. ನಮ್ಮಂಥ ಊರುಗಳಿಗೆ ಅದು ಸೈಬರ್ ಕೆಫೆಯ ರೂಪದಲ್ಲಿ ತಲುಪುವಷ್ಟರಲ್ಲಿ ಹೊಸ ಶತಮಾನ ಬಂದಿತ್ತು. ಪ್ಲೈವುಡ್ಡಿನ ಗೂಡುಗಳು, ಗಂಟೆಗಿಷ್ಟು ಎಂದು ದರ, ಪರದೆ ಹಾಕಿದ ಬಾಗಿಲು. ಗೂಡಿನೊಳಗೆ ಹುಡುಗರು ಏನು ನೋಡುತ್ತಾರೆಂಬ ಆತಂಕ ಎಷ್ಟಿತ್ತೆಂದರೆ, 2004ರಲ್ಲಿ ಕರ್ನಾಟಕ ಸರ್ಕಾರ ಸೈಬರ್ ಕೆಫೆಗಳಿಗೆಂದೇ ನಿಯಮ ತಂದು, ಬಂದವರ ಗುರುತನ್ನು ದಾಖಲಿಸಬೇಕೆಂದಿತು. ಅದೇ ವರ್ಷ ಆರ್ಕುಟ್ ಶುರುವಾಯಿತು. ಗೆಳೆಯರ ಗೋಡೆಯ ಮೇಲೆ ನಾಲ್ಕು ಸಾಲು ಬರೆಯುವುದು, ಶಾಯರಿಯ ಸಮುದಾಯಗಳಿಗೆ ಸೇರುವುದು. 2014ರ ಸೆಪ್ಟೆಂಬರಿನಲ್ಲಿ ಅದು ಮುಚ್ಚಿತು. ನಮ್ಮ ಎರಡು ಹರಕು ಗಝಲುಗಳೂ ಅದರೊಂದಿಗೇ ಹೋದವು, ಸಾಹಿತ್ಯಕ್ಕೆ ನಷ್ಟವೇನೂ ಆಗಲಿಲ್ಲ.

ಈಗ 2012ಕ್ಕೆ ಬರುತ್ತೇವೆ. ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಬೇಕಿದೆ.

ಆ ವರ್ಷ ಜುಲೈಯಲ್ಲಿ ಅಸ್ಸಾಮಿನ ಕೊಕ್ರಝಾರ್ ಕಡೆ ಬೋಡೊಗಳಿಗೂ ಮುಸ್ಲಿಮರಿಗೂ ಹಿಂಸಾತ್ಮಕ ಘರ್ಷಣೆಗಳಾದವು. ಬರ್ಮಾದಲ್ಲಿ ರೋಹಿಂಗ್ಯರ ಮೇಲೆ ದಾಳಿಗಳಾಗುತ್ತಿದ್ದವು. ಚಿತ್ರವೊಂದು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿತ್ತು. ಸಾಲು ಸಾಲಾಗಿ ಹೆಣಗಳು, ನಡುವೆ ನಿಂತ ಬೌದ್ಧ ಭಿಕ್ಷುಗಳು. ಬರ್ಮಾದಲ್ಲಿ ಭಿಕ್ಷುಗಳು ಕೊಂದ ಮುಸ್ಲಿಮರೆಂಬ ಬರಹ. ನಮಗೆ ಅದು ಬ್ಲೂಟೂತಿನಲ್ಲಿ ಬಂದದ್ದು ನಾವು ಬಹಳ ಗೌರವಿಸುವ ಹಿರಿಯರೊಬ್ಬರಿಂದ. ಆ ರಾತ್ರಿ ಊಟ ಸೇರಲಿಲ್ಲ. ಮಾರನೆಯ ದಿನ ಅದನ್ನು ಮೂವರಿಗೆ ಕಳಿಸಿದೆವು. ಕಥೆ ಬರೆಯುವವರು, ನಾಲ್ಕು ಪುಸ್ತಕ ಓದಿದವರು ಎಂದು ಊರಿನಲ್ಲಿ ಹೆಸರಿದ್ದ ನಾವು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಪಿಯುಸಿ ಓದುತ್ತಿದ್ದ ನಮ್ಮ ಅಣ್ಣನ ಮಗ ಅದನ್ನು ನೋಡಿ, ಎರಡು ದಿನ ಬಿಟ್ಟು ಬಂದು ಹೇಳಿದ: "ಚಾಚಾ, ಇದು ಬರ್ಮಾದ್ದಲ್ಲ. ಟಿಬೆಟ್ ಕಡೆ ಭೂಕಂಪ ಆಗಿತ್ತಲ್ಲ, ಆಗಿಂದು. ಅವರು ಕೊಂದೋರಲ್ಲ, ಸತ್ತವರಿಗೆ ಪ್ರಾರ್ಥನೆ ಮಾಡೋಕೆ ಬಂದೋರು." ಚಿತ್ರವನ್ನೇ ಕೊಟ್ಟು ಮೂಲವನ್ನು ಹುಡುಕುವ ಸೌಲಭ್ಯವನ್ನು ಗೂಗಲ್ ಅದರ ಹಿಂದಿನ ವರ್ಷವಷ್ಟೇ ತಂದಿತ್ತು. ಹುಡುಗ ಸೈಬರ್ ಕೆಫೆಗೆ ಹೋಗಿ, ತನ್ನದೇ ದುಡ್ಡು ಕೊಟ್ಟು ಹುಡುಕಿದ್ದ. ಚೀನಾದ ಯುಶುವಿನಲ್ಲಿ 2010ರ ಏಪ್ರಿಲಿನಲ್ಲಾದ ಭೂಕಂಪದ ಚಿತ್ರ ಅದು.

ನಾವು ಆ ಮೂವರ ಬಳಿಗೂ ಹೋಗಿ ಹೇಳಿದೆವು. ಒಬ್ಬರು ತಲೆಯಾಡಿಸಿದರು. ಒಬ್ಬರು ಅದನ್ನು ಆಗಲೇ ಹದಿನೈದು ಜನಕ್ಕೆ ಕಳಿಸಿಯಾಗಿದೆ ಎಂದರು. ಮೂರನೆಯವರು, "ಚಿತ್ರ ಸುಳ್ಳಾದರೇನಂತೆ, ಅಲ್ಲಿ ಕೊಲ್ಲುತ್ತಿರುವುದು ಸುಳ್ಳಲ್ಲವಲ್ಲ" ಎಂದರು. ಈ ಮಾತಿಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಆ ಆಗಸ್ಟ್ 11ರಂದು ಮುಂಬಯಿಯ ಆಝಾದ್ ಮೈದಾನದ ಪ್ರತಿಭಟನೆ ಹಿಂಸೆಗೆ ತಿರುಗಿ ಇಬ್ಬರು ಸತ್ತರು. ಅದೇ ವಾರ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಯುವಕ ಯುವತಿಯರ ಮೊಬೈಲುಗಳಿಗೆ ಬೇರೊಂದು ಬಗೆಯ ಸಂದೇಶ ಬಂತು. ರಮಝಾನ್ ಮುಗಿದ ಮೇಲೆ ಮುಸ್ಲಿಮರು ನಿಮ್ಮ ಮೇಲೆ ಬೀಳುತ್ತಾರೆ, ಊರು ಬಿಡಿ ಎಂದು. ಸ್ವಾತಂತ್ರ್ಯ ದಿನದಂದೇ ಸಾವಿರಾರು ಮಂದಿ ಬ್ಯಾಗು ಹೊತ್ತು ಬೆಂಗಳೂರು ರೈಲು ನಿಲ್ದಾಣದಲ್ಲಿ ಸೇರಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಮುಸ್ಲಿಮ್ ಸಂಘಟನೆಗಳವರೂ ನಿಲ್ದಾಣಕ್ಕೆ ಹೋಗಿ ಹೋಗಬೇಡಿರೆಂದು ಬೇಡಿಕೊಂಡರು. ಕೇಂದ್ರ ಸರ್ಕಾರ ಒಮ್ಮೆಗೆ ಐದಕ್ಕಿಂತ ಹೆಚ್ಚು ಮಂದಿಗೆ ಎಸ್ಸೆಮ್ಮೆಸ್ ಕಳಿಸದಂತೆ ಹದಿನೈದು ದಿನಗಳ ನಿರ್ಬಂಧ ಹಾಕಿತು.

ಗಮನಿಸಬೇಕು, ಆಗ ಈಗಿನಂಥ ಸ್ಮಾರ್ಟ್ ಫೋನುಗಳು ಎಲ್ಲರ ಕೈಯಲ್ಲಿರಲಿಲ್ಲ. ನೂರಾ ಅರವತ್ತು ಅಕ್ಷರಗಳ ಬಡ ಎಸ್ಸೆಮ್ಮೆಸ್ಸೇ ಒಂದು ನಗರವನ್ನು ಖಾಲಿ ಮಾಡಿಸಲು ಸಾಕಾಯಿತು. ಏಕೆಂದರೆ ಸಂದೇಶ ಬಂದದ್ದು ಅಪರಿಚಿತರಿಂದಲ್ಲ. ಅಕ್ಕನಿಂದ, ಊರಿನ ಗೆಳೆಯನಿಂದ, ಹಾಸ್ಟೆಲಿನ ಪಕ್ಕದ ಕೋಣೆಯವನಿಂದ. ಯುವಕರ ಮೇಲೆ ಯಾವುದು ಪ್ರಭಾವ ಬೀರುತ್ತದೆ ಎಂಬ ಪ್ರಶ್ನೆಗೆ ನಾವು ಆ ವರ್ಷ ಕಂಡುಕೊಂಡ ಉತ್ತರ ಇದು: ಪ್ರೀತಿಪಾತ್ರರು ಕಳಿಸಿದ್ದೆಂಬ ನಂಬಿಕೆ. ಸುಳ್ಳಿಗೆ ನಮ್ಮವರ ದನಿ ಸಿಕ್ಕಿತ್ತು. ಇನ್ನೊಂದನ್ನೂ ಹೇಳಬೇಕು. ನಮ್ಮ ಮನೆಯಲ್ಲಿ ದಾರಿ ತಪ್ಪಿದ್ದು ಮೂವತ್ತು ದಾಟಿದ ನಾವು. ತಿದ್ದಿದ್ದು ಹದಿನೇಳರ ಹುಡುಗ. ಮೊಬೈಲಿನ ಬಗ್ಗೆ ಯುವಕರಿಗೆ ಬುದ್ಧಿ ಹೇಳುವ ಸಭೆಗಳಿಗೆ ಕರೆ ಬಂದಾಗ ನಮಗೆ ಈಗಲೂ ಸಂಕೋಚವಾಗುವುದು ಇದಕ್ಕೇ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ತಿಂಗಳುಗಟ್ಟಲೆ ಡೇಟಾವನ್ನು ಪುಕ್ಕಟೆ ಕೊಟ್ಟಿತು. ಕಲ್ಲಚ್ಚು ಪುಸ್ತಕಕ್ಕೆ ಮಾಡಿದ್ದನ್ನು ಇದು ವಿಡಿಯೋಗೆ ಮಾಡಿತು. ಅಲ್ಲಿಂದ ಎರಡೇ ವರ್ಷ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನನ್ನು ಮಕ್ಕಳ ಕಳ್ಳನೆಂದು ಬಡಿದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬನ ಕೊಲೆಯಾಯಿತು. ಗೆಳೆಯರೊಂದಿಗೆ ಬಂದಿದ್ದವರು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಹಂಚಿದ್ದೇ ಅನುಮಾನಕ್ಕೆ ಕಾರಣವಾಯಿತು. ಅವರ ಕಾರು ಹೊರಟಿತು. ಆದರೆ ವಾಟ್ಸಾಪ್ ಗ್ರೂಪಿನ ಸಂದೇಶ ಅವರಿಗಿಂತ ಮೊದಲೇ ಮುಂದಿನ ಊರನ್ನು ತಲುಪಿತ್ತು. ರಸ್ತೆಗೆ ಅಡ್ಡ ಹಾಕಿ ಕಾದು ಕುಳಿತಿದ್ದರು. ಹೊರಗಿನಿಂದ ಬಂದವರು ಮಕ್ಕಳಿಗೆ ಮಿಠಾಯಿ ಕೊಡುವುದನ್ನು ಔದಾರ್ಯವೆಂದು ಕಾಣುತ್ತಿದ್ದ ಸೀಮೆ ಅದು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ಸಂದೇಶ ದಾಟಿಸಬಹುದೆಂಬ ಮಿತಿ ತಂದಿತು. ಐದು ಎಂಬ ಅಂಕಿಯನ್ನು ಸರ್ಕಾರ 2012ರಲ್ಲೇ ಕಂಡುಹಿಡಿದಿತ್ತು.

2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ನಡೆದದ್ದನ್ನು ಹೇಳದೆ ಮುಂದೆ ಹೋಗುವುದು ಅಪ್ರಾಮಾಣಿಕವಾದೀತು. ಫೇಸ್‌ಬುಕ್ಕಿನಲ್ಲಿ ಪ್ರವಾದಿಯವರನ್ನು ನಿಂದಿಸುವ ಬರಹವೊಂದು ಬಂತು. ಬರೆದವನ ಮೇಲೆ ದೂರು ಕೊಡುವುದರಲ್ಲಿ ತಪ್ಪಿರಲಿಲ್ಲ. ಆದರೆ ಕತ್ತಲಾಗುತ್ತಿದ್ದಂತೆ ಪೊಲೀಸ್ ಠಾಣೆಗೂ, ಅವನ ಸಂಬಂಧಿ ಶಾಸಕರ ಮನೆಗೂ ಬೆಂಕಿ ಬಿತ್ತು. ಗೋಲಿಬಾರಿನಲ್ಲಿ ಮೂವರು ಸತ್ತರು. ನೂರಾರು ಹುಡುಗರ ಬಂಧನವಾಯಿತು, ಹಲವರ ಮೇಲೆ ಯುಎಪಿಎ ಹೇರಲಾಯಿತು. ಅಂದು ಅಲ್ಲಿನ ದೇವಸ್ಥಾನಕ್ಕೆ ಕೈಕೈ ಹಿಡಿದು ಸರಪಳಿಯಾಗಿ ಕಾವಲು ನಿಂತ ಮುಸ್ಲಿಮ್ ಯುವಕರ ದೃಶ್ಯವೂ ಮೊಬೈಲಿನಲ್ಲೇ ನಾಡಿಗೆ ಹರಡಿತು. ಎರಡು ಗುಂಪಿನವರೂ ಒಂದೇ ಓಣಿಯವರು, ಒಂದೇ ವಯಸ್ಸಿನವರು, ಅವರ ಮೊಬೈಲಿನಲ್ಲಿ ಬಂದಿದ್ದ ಬರಹವೂ ಒಂದೇ. ಒಬ್ಬನ ಕೈ ಕಲ್ಲಿಗೆ, ಇನ್ನೊಬ್ಬನ ಕೈ ಪಕ್ಕದವನ ಕೈಗೆ ಹೋದದ್ದೇಕೆ ಎಂಬುದನ್ನು ಯಾವ ಕಂಪೆನಿಯ ಯಂತ್ರವೂ ಹೇಳಲಾರದು. 1986ರಲ್ಲಿ ಓದದ ಕಥೆಗಾಗಿ ಸತ್ತವರ ಊರಿನಲ್ಲೇ ಇದು ನಡೆಯಿತೆಂಬುದು ನಮಗೆ ಮರೆಯಲಾಗದ ನೋವು.

ಇನ್ನು 2021ರ ಜುಲೈ ಮತ್ತು 2022ರ ಹೊಸ ವರ್ಷದ ದಿನ. 'ಸುಲ್ಲಿ ಡೀಲ್ಸ್', 'ಬುಲ್ಲಿ ಬಾಯಿ' ಎಂಬ ಹೆಸರಿನಲ್ಲಿ, ಪತ್ರಕರ್ತೆಯರು, ವಿದ್ಯಾರ್ಥಿನಿಯರು ಸೇರಿದಂತೆ ಹತ್ತಾರು ಮುಸ್ಲಿಮ್ ಮಹಿಳೆಯರ ಭಾವಚಿತ್ರಗಳನ್ನು ಹಾಕಿ 'ಹರಾಜು' ಎಂದು ಬರೆಯಲಾಯಿತು. ದೇಶಕ್ಕೆ ದೇಶವೇ ನಾಚಬೇಕಾದ ಕೃತ್ಯ. ಎರಡನೆಯದರಲ್ಲಿ ಪೊಲೀಸರು ಬಂಧಿಸಿದ ಆರೋಪಿಗಳ ವಯಸ್ಸು ನೋಡಿ ನಾವು ಮೂಕರಾದೆವು. ಬೆಂಗಳೂರಿನಲ್ಲಿ ಓದುತ್ತಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಇಪ್ಪತ್ತೊಂದು. ಉತ್ತರಾಖಂಡದ ಹುಡುಗಿಗೆ ಹದಿನೆಂಟರ ಆಸುಪಾಸು. ಅಸ್ಸಾಮಿನ ಜೋರ್ಹಾಟಿನಲ್ಲಿ ಸಿಕ್ಕಿದವನಿಗೂ ಇಪ್ಪತ್ತೊಂದೇ. ಮೂರು ದಿಕ್ಕಿನ ಮೂರು ಊರುಗಳು. ಇವರನ್ನು ಒಂದೆಡೆ ತಂದದ್ದು ಓಣಿಯಲ್ಲ, ಕಾಲೇಜಲ್ಲ, ಪರದೆ. ಕ್ಯಾಸೆಟ್ಟಿನ ಭಾಷಣ ಕೇಳಲು ಯಾರಾದರೊಬ್ಬರ ಮನೆಗೆ ಹೋಗಬೇಕಿತ್ತು, ಯಾರಾದರೂ ನೋಡುತ್ತಿದ್ದರು. ಇಲ್ಲಿ ಮಗಳು ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದಾಳೆಂದು ಮನೆಯವರು ಅಂದುಕೊಂಡಿದ್ದರೆ ಅವರನ್ನು ದೂರುವುದು ಹೇಗೆ? ಪಟ್ಟಿಯಲ್ಲಿ ತಮ್ಮ ಮುಖ ಕಂಡ ಹೆಣ್ಣುಮಕ್ಕಳು ಮನೆಯೊಳಗೆ ಅಡಗಿ ಕೂರಲಿಲ್ಲ, ಠಾಣೆಗೆ ಹೋಗಿ ದೂರು ಕೊಟ್ಟರು, ಬರೆದರು, ಮಾತಾಡಿದರು ಎಂಬುದು ಈ ಕಥೆಯ ಇನ್ನೊಂದು ಅರ್ಧ.

2012ರಲ್ಲಿ ನಾವು ಕಂಡುಕೊಂಡ ಉತ್ತರ ಈಗ ಪೂರ್ತಿ ಸಾಲದು. ಆಗ ಕಳಿಸುವವನೊಬ್ಬ ಮನುಷ್ಯನಿದ್ದ. ಈಗ ಏನನ್ನು ನೋಡಬೇಕೆಂದು ಆರಿಸುವುದೇ ಯಂತ್ರ. ಟಿಕ್‌ಟಾಕ್ ಇದನ್ನು ಚೆನ್ನಾಗಿ ತೋರಿಸಿತು. ಅದರಲ್ಲಿ ಗೆಳೆಯರಿರಬೇಕಾದ ಅಗತ್ಯವೇ ಇರಲಿಲ್ಲ. ಯಾವ ವಿಡಿಯೋದ ಮೇಲೆ ಎಷ್ಟು ಹೊತ್ತು ಕಣ್ಣು ನಿಂತಿತೆಂದು ಅಳೆದು, ಅಂಥದ್ದೇ ಇನ್ನೊಂದನ್ನು ಮುಂದಿಡುತ್ತಿತ್ತು. ಇದರಿಂದ ಒಳ್ಳೆಯದೂ ಆಯಿತು. ಹೊಲದಲ್ಲಿ ನಿಂತು ಕುಣಿದ ಹುಡುಗಿ, ಗ್ಯಾರೇಜಿನ ಹುಡುಗ ಯಾವ ಶಿಫಾರಸೂ ಇಲ್ಲದೆ ಲಕ್ಷಾಂತರ ಜನರ ಮುಂದೆ ಬಂದರು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಮ್ ಇಲ್ಲಿ ರೀಲ್ಸ್ ಆರಂಭಿಸಿತು. ಕೇಸ್ಕರರ ಕಾಲದಂತೆಯೇ ಮುಳ್ಳು ಬೇರೆ ಸ್ಟೇಷನ್ನಿಗೆ ತಿರುಗಿತು, ಅಷ್ಟೆ.

ಈ ಯಂತ್ರಗಳನ್ನು ನಡೆಸುವವರಿಗೆ ಇದರ ಪರಿಣಾಮ ಗೊತ್ತಿಲ್ಲವೆಂದಲ್ಲ. 2021ರಲ್ಲಿ ಫೇಸ್‌ಬುಕ್ಕಿನ ಒಳಗಿನ ದಾಖಲೆಗಳನ್ನು ಅಲ್ಲಿಯ ಉದ್ಯೋಗಿಯಾಗಿದ್ದ ಫ್ರಾನ್ಸೆಸ್ ಹಾಗನ್ ಹೊರಗೆ ತಂದರು. ತಮ್ಮ ದೇಹದ ಬಗ್ಗೆ ಬೇಸರದಲ್ಲಿದ್ದ ಹದಿಹರೆಯದ ಹುಡುಗಿಯರಲ್ಲಿ 32 ಶೇಕಡಾ ಮಂದಿ, ಇನ್‌ಸ್ಟಾಗ್ರಾಮ್ ಆ ಬೇಸರವನ್ನು ಹೆಚ್ಚಿಸಿತೆಂದು ಕಂಪೆನಿಯ ಸ್ವಂತ ಸಂಶೋಧಕರಿಗೇ ಹೇಳಿದ್ದರು. ಆಸ್ಟ್ರೇಲಿಯಾ ಹದಿನಾರರ ಒಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆಗಳನ್ನು ನಿಷೇಧಿಸಿ, 2025ರ ಡಿಸೆಂಬರ್ 10ರಿಂದ ಅದನ್ನು ಜಾರಿಗೆ ತಂದಿತು. ನಮ್ಮಲ್ಲಿ 2023ರ ಡೇಟಾ ಸಂರಕ್ಷಣಾ ಕಾಯಿದೆ ಹದಿನೆಂಟರ ಒಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಪೋಷಕರ ಫೋನಿನ ಲಾಕ್ ತೆರೆದುಕೊಡುವವರೇ ಮಕ್ಕಳಾಗಿರುವ ನಮ್ಮ ಮನೆಗಳಲ್ಲಿ ಈ ಒಪ್ಪಿಗೆಗೆ ಯಾರು ಬೆರಳೊತ್ತುತ್ತಾರೆಂದು ಊಹಿಸಬಹುದು.

ಆದರೂ ನಾವು ಕಡ್ಡಿ ಗೀರುವ ಪಕ್ಷದವರಲ್ಲ. ಅದಕ್ಕೆ ನಮ್ಮದೇ ಸ್ವಾರ್ಥವಿದೆ. ನಮ್ಮ ಮಗಳು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ಉರ್ದು ಲಿಪಿ ಅವಳಿಗೆ ಬಾರದು. ಗೆಳತಿಯರಿಗೆ ಉರ್ದುವನ್ನೂ ಕನ್ನಡವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಾಳೆ. ನಮ್ಮೊಂದಿಗೆ ಈ ಮನೆಯ ಲಿಪಿ ಮುಗಿಯಿತೆಂದು ನಾವು ಸಂಕಟಪಟ್ಟದ್ದುಂಟು. 2013ರಲ್ಲಿ ಸಂಜೀವ್ ಸರಾಫ್ ಎಂಬ ಉದ್ಯಮಿ ಆರಂಭಿಸಿದ 'ರೇಖ್ತಾ' ತಾಣದಲ್ಲಿ ಒಂದೇ ಗಝಲನ್ನು ಉರ್ದು, ನಾಗರಿ, ರೋಮನ್ ಮೂರರಲ್ಲೂ ಓದಬಹುದು. ಪದವನ್ನು ಮುಟ್ಟಿದರೆ ಅರ್ಥ ಬರುತ್ತದೆ. ಕುಲ್ಸುಮ್ ಸಯಾನಿಯವರ 'ರಹಬರ್' ನೆನಪಾಗದೆ ಇರುತ್ತದೆಯೇ! ನಾವು ಹುಡುಕಿಯೂ ಸಿಗದೆ ಕೈಬಿಟ್ಟಿದ್ದ ಹಳೆಯ ಕಲ್ಲಚ್ಚಿನ ಪುಸ್ತಕಗಳು ಅಲ್ಲಿ ಪುಟಪುಟವಾಗಿ ಇವೆ. ಕನ್ನಡಕ್ಕೂ ಹೀಗೆಯೇ ಆಯಿತು. ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ 1998ರಲ್ಲಿ ಬರದೇ ಇದ್ದಿದ್ದರೆ, ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಮಾಡದಿದ್ದಿದ್ದರೆ, ನಮ್ಮ ಎರಡನೆಯ ಕಥಾಸಂಕಲನವನ್ನು ನಾವೇ ಟೈಪು ಮಾಡುವುದು ಸಾಧ್ಯವಿರಲಿಲ್ಲ.

ಹೋದ ರಮಝಾನಿನ ರಜೆಯಲ್ಲಿ ಮಗಳು ಉರ್ದು ಅಕ್ಷರ ಕಲಿಯಲು ಶುರು ಮಾಡಿದಳು. ನಾವು ಕಲಿಸಿದ್ದಲ್ಲ, ಯಾವುದೋ ವಿಡಿಯೋ ನೋಡಿಕೊಂಡು. ಅವಳ ಗಾಫ್ ಇನ್ನೂ ಕಾಫ್‌ನಂತೆಯೇ ಕಾಣುತ್ತದೆ. ಕಲೀಮನ ಕಥೆ ಹೇಳಿದಾಗ, "ಅವನು ಬರೆದ ಶಾಯರಿ ಯಾವುದಾದರೂ ಉಳಿದಿದೆಯಾ ಅಬ್ಬಾ?" ಎಂದು ಕೇಳಿದಳು. ಅವನು ಕಾದಂಬರಿಯ ಪಾತ್ರ ಎಂದೆವು. ಅವಳಿಗೆ ನಿರಾಸೆಯಾಯಿತು.

ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಈಗ ನಲವತ್ತೊಂದು ಜನರಿದ್ದೇವೆ. ಎಪ್ಪತ್ತೆಂಟರ ಅಮ್ಮಿ ಫಜ್ರ್ ನಮಾಝ್ ಮುಗಿಸಿದ ಕೂಡಲೇ ಗುಲಾಬಿ ಹೂವಿನ ಸಲಾಮ್ ಕಳಿಸುತ್ತಾರೆ, ಅದರ ಹಿಂದೆಯೇ ನಿಂಬೆರಸದಿಂದ ಎಲ್ಲ ರೋಗ ಗುಣವಾಗುವ ಸುದ್ದಿಯನ್ನೂ. ದುಬೈನಲ್ಲಿರುವ ಮಾಮೂ ದಿನಕ್ಕೆ ಹತ್ತಾದರೂ ವಿಡಿಯೋ ಹಾಕುತ್ತಾರೆ. ಭೂಕಂಪದ ಚಿತ್ರ ಪತ್ತೆ ಹಚ್ಚಿದ ಅಣ್ಣನ ಮಗ ಈಗ ಎರಡು ಮಕ್ಕಳ ತಂದೆ, ಯಾವುದನ್ನೂ ಓದಲು ಅವನಿಗೆ ಪುರುಸೊತ್ತಿಲ್ಲ. ಅಡ್ಮಿನ್ ಕೆಲಸವನ್ನು ಅವನು ನಮ್ಮ ಮಗಳಿಗೆ ವಹಿಸಿದ್ದಾನೆ. ಸುಳ್ಳೆಂದು ಕಂಡದ್ದನ್ನು ಅವಳು ಯಾರದೆಂದು ನೋಡದೆ ಅಳಿಸುತ್ತಾಳೆ. ಅಜ್ಜಿಗೆ ಮಾತ್ರ ಮೊದಲು ಹೋಗಿ ಪಕ್ಕದಲ್ಲಿ ಕುಳಿತು ಹೇಳಿ, ಆಮೇಲೆ ಅಳಿಸುತ್ತಾಳೆ. ಕಳೆದ ವಾರ ನಾವು ಹಾಕಿದ ಸಂದೇಶವೊಂದೂ ಮಾಯವಾಗಿದೆ. ಯಾಕೆಂದು ಇನ್ನೂ ಕೇಳಿಲ್ಲ.